ಬಯಲುಸೀಮೆಯ ಬಿಸಿಲು ಮತ್ತು ಸಿಡಿಲು

ಯುಗಾದಿ ಕಳೆದು ಚೈತ್ರವು ವೈಶಾಖದ ಕಡೆಗೆ ಸರಿಯುತ್ತಿರುವಂತೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬೀದರ ಸೀಮೆಯ ಬಯಲು ನೆಲವು ಕಾದ ಹಂಚಿನಂತಾಗುತ್ತದೆ. ಬೆಳಗಿನ ಹನ್ನೊಂದು ಗಂಟೆಗೇ ಓಣಿಗಳು ಬರಿದಾಗುತ್ತವೆ. ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯಲ್ಲ. ದಾಟದ ವರ್ಷವಿದ್ದರೆ ಅದೇ ಸುದ್ದಿ. ಈ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯು ಬಹುಕಾಲದಿಂದ ಬಂದಿದೆ. ವಿಚಾರ ಮಾಡಬೇಕಾದ ಸಂಗತಿಯೆಂದರೆ, ಕಚೇರಿಯ ಗುಮಾಸ್ತರಿಗೆ ದೊರೆತ ಈ ವಿವೇಕದ ಲಾಭವು ಹೊಲದ ಕೂಲಿಯವನಿಗೆ, ಲಗ್ನದ ಮೆರವಣಿಗೆಯಲ್ಲಿ ನಡೆಯುವ ವೃದ್ಧರಿಗೆ, ಜಾತ್ರೆಯ ಬಿಸಿಲಿನಲ್ಲಿ ಸಾಲು ನಿಂತ ಗರ್ಭಿಣಿಗೆ ಇನ್ನೂ ದೊರೆತಿಲ್ಲ.

ಇದೇ ಕಾಲದಲ್ಲಿ ನಮ್ಮ ಮನೆಗಳಲ್ಲಿ ಲಗ್ನಗಳು ಹೆಚ್ಚು. ಜಾತ್ರೆ, ರಥೋತ್ಸವಗಳು ಹೆಚ್ಚು. ಬಸವ ಜಯಂತಿಯು ಬರುವುದೂ ವೈಶಾಖ ಶುದ್ಧ ತದಿಗೆಯಂದು, ಅಂದರೆ ಬೇಸಗೆಯ ನಡುವೆ. ಜನರು ಮನೆಯಿಂದ ಹೊರಬಂದು ಒಂದೆಡೆ ಸೇರುವ ಕಾಲವೂ, ಆಕಾಶವು ಅತ್ಯಂತ ಕಠೋರವಾಗಿರುವ ಕಾಲವೂ ಒಂದೇ. ಆದ್ದರಿಂದ ಈ ತಿಂಗಳು ಬಿಸಿಲು ಮತ್ತು ಸಿಡಿಲುಗಳನ್ನು ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಇದಕ್ಕೆ ಹಿಂದಿನದೊಂದು ಋಣವೂ ಕಾರಣವಾಗಿದೆ. ಅದನ್ನು ಮೊದಲು ನಿವೇದಿಸುತ್ತೇವೆ.

ಒಂದು ಪ್ರಶ್ನೆ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜಾತ್ರೆಯ ನಿಮಿತ್ತ ಐದು ದಿನಗಳ ಪ್ರವಚನಕ್ಕೆ ನಮ್ಮನ್ನು ಕರೆಸಿದ್ದರು. ನಾಲ್ಕು ದಿನಗಳ ಪ್ರವಚನ ಸಾಂಗವಾಗಿ ನಡೆದಿತ್ತು. ಕೊನೆಯ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಕಪ್ಪು ಮೋಡವೆದ್ದು ಗಾಳಿ ಬೀಸತೊಡಗಿತು. ದಿನವೂ ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ದಂಪತಿಗಳು ಆ ಹೊತ್ತಿಗೆ ಹೊಲದಲ್ಲಿ ತೊಗರಿ ಕಟ್ಟಿಗೆಯನ್ನು ಬಂಡಿಗೆ ಹೇರುತ್ತಿದ್ದರಂತೆ. ಹನಿ ಬಿದ್ದೊಡನೆ ಗಂಡನು ಎತ್ತುಗಳನ್ನು ಹೊಡೆದುಕೊಂಡು ಬೇವಿನ ಮರದ ಕೆಳಗೆ ನಿಂತನು. ಹೆಂಡತಿಯು ಬದುವಿನ ಮೇಲಿಟ್ಟಿದ್ದ ಬುತ್ತಿಯ ಗಂಟನ್ನು ತರಲು ಹೋದಳು. ಆಕೆ ತಿರುಗಿ ನೋಡುವಷ್ಟರಲ್ಲಿ ಮರಕ್ಕೆ ಸಿಡಿಲು ಬಡಿದಿತ್ತು. ಎರಡೂ ಎತ್ತುಗಳು ಬಿದ್ದಿದ್ದವು, ಗಂಡನೂ ಬಿದ್ದಿದ್ದನು. ಅವನ ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ.

ಆಕೆಯ ಕೂಗಿಗೆ ಅಕ್ಕಪಕ್ಕದ ಹೊಲದವರು ಓಡಿ ಬಂದರು. ಬಂದವರು ಸುತ್ತ ನಿಂತರೇ ಹೊರತು ಯಾರೂ ಹತ್ತಿರ ಹೋಗಲಿಲ್ಲ. “ಮುಟ್ಟಬ್ಯಾಡ್ರಿ, ಮೈಯಾಗ ಇನ್ನೂ ಸಿಡ್ಲು ಅದ” ಎಂದು ಹಿರಿಯರೊಬ್ಬರು ತಡೆದರಂತೆ. ಅರ್ಧ ಗಂಟೆಯ ಮೇಲೆ ಬಂಡಿ ಕಟ್ಟಿ ಆಸ್ಪತ್ರೆಗೆ ಒಯ್ದಾಗ ಜೀವವಿರಲಿಲ್ಲ.

ಆ ರಾತ್ರಿ ನಾವು ಆ ಮನೆಗೆ ಹೋದೆವು. ಕಲಿತದ್ದನ್ನೆಲ್ಲ ನೆನೆದು, “ಎಲ್ಲವೂ ಶಿವನಿಚ್ಛೆ, ತಪ್ಪಿಸುವವರು ಯಾರು ತಾಯಿ” ಎಂದೆವು. ಆ ತಾಯಿ ಅಳಲಿಲ್ಲ. ನಮ್ಮ ಮುಖವನ್ನು ನೋಡಿ, “ಯಪ್ಪಾ, ನಾಕು ದಿನ ಎಲ್ಲಾ ಹೇಳಿದ್ರಿ. ಮಳಿ ಬಂದಾಗ ಗಿಡದ ಬುಡಕ ನಿಲ್ಲಬಾರದು ಅಂತ ಒಂದು ಮಾತು ಹೇಳಲಿಲ್ಲಲ್ರಿ” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂದೆ ಪರಿಚಿತ ವೈದ್ಯರೊಬ್ಬರು, ಬಿದ್ದ ಕ್ಷಣದಲ್ಲೇ ಯಾರಾದರೂ ಎದೆಯೊತ್ತಿ ಉಸಿರು ಕೊಟ್ಟಿದ್ದರೆ ಆತ ಬದುಕುವ ಸಂಭವವಿತ್ತೆಂದು ತಿಳಿಸಿದಾಗ ನಾವು ಎರಡನೆಯ ಸಲ ನಿರುತ್ತರರಾದೆವು. ತಿಳಿವಳಿಕೆಯಿಂದ ತಪ್ಪಬಹುದಾಗಿದ್ದ ಸಾವನ್ನು ಶಿವನ ಲೆಕ್ಕಕ್ಕೆ ಬರೆದೆವಲ್ಲಾ ಎಂಬ ನೋವು ಇಂದಿಗೂ ಹೋಗಿಲ್ಲ. ಅಂದಿನಿಂದ ಬೇಸಗೆಯ ಯಾವ ಪ್ರವಚನವನ್ನೂ ಈ ಮಾತುಗಳನ್ನು ಹೇಳದೆ ನಾವು ಮುಗಿಸುವುದಿಲ್ಲ.

ಬಿಸಿಲೇ ಮಳೆಯ ತಾಯಿ

ನಮ್ಮ ಬಯಲುಸೀಮೆ ಇಷ್ಟೇಕೆ ಕಾಯುತ್ತದೆ? ಮೇ ತಿಂಗಳ ಮೊದಲೆರಡು ವಾರಗಳಲ್ಲಿ ಸೂರ್ಯನು ಈ ಸೀಮೆಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆಗ ನಡುಮಧ್ಯಾಹ್ನ ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುವ ದಿನವೊಂದು ಪ್ರತಿ ಊರಿಗೂ ಬರುತ್ತದೆ. ಜೋಳ, ಕಡಲೆಗಳ ರಾಶಿ ಮುಗಿದು ಹೊಲಗಳು ಬತ್ತಲಾಗಿರುತ್ತವೆ. ಕಪ್ಪು ಎರೆಮಣ್ಣು ಬಿಸಿಲನ್ನು ಹಿಂದಕ್ಕೆ ಕಳಿಸದೆ ಹೀರಿಕೊಳ್ಳುತ್ತದೆ. ಸಮುದ್ರವು ದೂರ, ನಡುವೆ ಸಹ್ಯಾದ್ರಿಯ ಅಡ್ಡಗೋಡೆ. ನೆಲದಲ್ಲಿ ತೇವವಿದ್ದರೆ ಬಿಸಿಲಿನ ಒಂದು ಪಾಲು ಆ ತೇವವನ್ನು ಆರಿಸುವುದರಲ್ಲಿ ಕಳೆಯುತ್ತದೆ. ತೇವವಿಲ್ಲದ ನೆಲದಲ್ಲಿ ಎಲ್ಲವೂ ಕಾವಾಗಿಯೇ ಉಳಿಯುತ್ತದೆ.

ಹೀಗೆ ಕಾದ ನೆಲದ ಗಾಳಿಯು ಹಗುರವಾಗಿ ಮೇಲೇಳುತ್ತದೆ. ಬೇಸಗೆಯಲ್ಲಿ ಮಹಾರಾಷ್ಟ್ರದ ವಿದರ್ಭ, ಮರಾಠವಾಡಾಗಳ ಕಡೆಯಿಂದ ಉತ್ತರ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣದವರೆಗೆ ಗಾಳಿಯ ಒತ್ತಡ ತಗ್ಗಿದ ಒಂದು ಪಟ್ಟಿಯು ಆಗಾಗ ಏರ್ಪಡುತ್ತದೆ. ಒಂದು ಕಡೆಯಿಂದ ಒಣಗಾಳಿ, ಇನ್ನೊಂದು ಕಡೆಯಿಂದ ಸಮುದ್ರದ ತೇವದ ಗಾಳಿ ಅಲ್ಲಿ ಸಂಧಿಸುತ್ತವೆ. ಮೇಲೆದ್ದ ತೇವವು ಗಂಟೆ ಎರಡು ಗಂಟೆಗಳಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡದ ಗೋಪುರವಾಗುತ್ತದೆ. ಹೊತ್ತೇರಿದಂತೆ ಕಾವು ಕೂಡಿಬಂದು ಮೋಡ ಬೆಳೆಯುವುದರಿಂದಲೇ ಈ ಮಳೆಗಳು ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ ಬರುತ್ತವೆ.

ನಮ್ಮ ರೈತರು ಇವನ್ನು ಅಡ್ಡಮಳೆಯೆನ್ನುತ್ತಾರೆ. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿಗಳೆಂಬ ನಕ್ಷತ್ರದ ಹೆಸರಿನಲ್ಲಿ ಅವನ್ನು ಎಣಿಸುತ್ತಾರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆಯು ಈ ಮಳೆಗಾಗಿ ಕಾದು ಕುಳಿತವರ ನಾಲಗೆಯಿಂದ ಬಂದದ್ದು. ಮಳೆ ಬೇಕು, ಆದರೆ ಅದು ಬರುವ ರೀತಿಯೇ ಭಯಂಕರ. ಬಿರುಗಾಳಿಯು ತಗಡಿನ ಛಾವಣಿಗಳನ್ನು ಎತ್ತಿ ಒಗೆಯುತ್ತದೆ. ಆಲಿಕಲ್ಲು ಬಿದ್ದರೆ ದ್ರಾಕ್ಷಿ, ದಾಳಿಂಬೆ, ಮಾವಿನ ತೋಟಗಳು ಅರ್ಧ ಗಂಟೆಯಲ್ಲಿ ನೆಲಕಚ್ಚುತ್ತವೆ. ಇವೆಲ್ಲಕ್ಕಿಂತ ಹೆಚ್ಚಿನದು ಸಿಡಿಲಿನ ಹಾನಿ. ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾಗುವವರ ಸಂಖ್ಯೆ ಇತ್ತೀಚಿನ ವರ್ಷಗಳ ಅಧಿಕೃತ ಲೆಕ್ಕದಂತೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು, ಕುರಿ ದನ ಮೇಯಿಸುವವರು.

ಮಿಂಚು, ಗುಡುಗು, ಸಿಡಿಲು

ಕನ್ನಡ ನುಡಿಯು ಒಂದೇ ಘಟನೆಗೆ ಮೂರು ಹೆಸರುಗಳನ್ನಿಟ್ಟಿದೆ. ಕಣ್ಣಿಗೆ ಕಂಡದ್ದು ಮಿಂಚು, ಕಿವಿಗೆ ಕೇಳಿದ್ದು ಗುಡುಗು, ನೆಲಕ್ಕೆ ಬಡಿದದ್ದು ಸಿಡಿಲು. ಮೋಡದೊಳಗೆ ಹಿಮದ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಬೇರ್ಪಡುತ್ತದೆ. ಅದು ಮಿತಿಮೀರಿದಾಗ ಗಾಳಿಯನ್ನು ಸೀಳಿಕೊಂಡು ಹರಿಯುತ್ತದೆ. ಆ ದಾರಿಯ ಗಾಳಿಯು ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಸ್ಫೋಟಿಸುವ ಸದ್ದೇ ಗುಡುಗು.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಬೇಕು. ಬೆಳಕು ತತ್‌ಕ್ಷಣ ಬರುತ್ತದೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಹಿಡಿಯುತ್ತದೆ. ಎಣಿಕೆ 30ರ ಒಳಗೆ ಮುಗಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಮುಂದಿನದು ನಮ್ಮ ತಲೆಯ ಮೇಲೆಯೇ ಇರಬಹುದು. ಕೂಡಲೆ ಕೆಲಸ ಬಿಡಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಮಳೆ ಇನ್ನೂ ಬಿದ್ದಿಲ್ಲ ಅಥವಾ ನಿಂತೇ ಹೋಯಿತು ಎಂದು ಧೈರ್ಯ ತಾಳುವವರೇ ಸಿಡಿಲಿಗೆ ಹೆಚ್ಚಾಗಿ ಸಿಗುತ್ತಾರೆ.

ನಿಲ್ಲುವುದೆಲ್ಲಿ? ಗಟ್ಟಿ ಗೋಡೆ ಮತ್ತು ಛಾವಣಿಯುಳ್ಳ ಮನೆ, ಶಾಲೆ ಅಥವಾ ಗುಡಿಯ ಒಳಗೆ. ಅದು ದೂರವಿದ್ದರೆ ಕಿಟಕಿ ಮುಚ್ಚಿದ ಕಾರು, ಬಸ್ಸಿನ ಒಳಗೆ. ಒಳಗಿದ್ದಾಗಲೂ ನಲ್ಲಿ, ಕಿಟಕಿಯ ಸರಳು, ಗೋಡೆಗೆ ಚುಚ್ಚಿದ ವಿದ್ಯುತ್ ಉಪಕರಣಗಳನ್ನು ಮುಟ್ಟಬಾರದು. ಹೊಲದ ಗುಡಿಸಲು ಮಳೆಯಿಂದ ಕಾಪಾಡೀತೇ ಹೊರತು ಸಿಡಿಲಿನಿಂದ ಕಾಪಾಡದು. ಪಂಪುಸೆಟ್ಟು, ತಂತಿಬೇಲಿ, ಕೆರೆ ಬಾವಿಯ ದಂಡೆ, ದಿಬ್ಬ, ಟ್ರ್ಯಾಕ್ಟರಿನ ಬಯಲು ಆಸನ, ಇವುಗಳಿಂದ ದೂರವಿರಬೇಕು.

ಎಲ್ಲಕ್ಕೂ ಮಿಗಿಲಾಗಿ ಒಂಟಿ ಮರದ ಕೆಳಗೆ ನಿಲ್ಲಬಾರದು. ನಮ್ಮವರಿಗೆ ಈ ಮಾತು ಮನಸ್ಸಿಗೆ ಇಳಿಯುವುದು ಕಷ್ಟ. ಏಕೆಂದರೆ ಬೇಸಗೆಯ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಬೇವು, ಅದೇ ಹುಣಸೆಯು ನಮ್ಮನ್ನು ತಾಯಿಯಂತೆ ಕಾಯ್ದಿರುತ್ತದೆ. ಬುತ್ತಿ ಬಿಚ್ಚಿದ್ದು, ಕೂಸನ್ನು ಮಲಗಿಸಿದ್ದು ಅದರ ನೆರಳಿನಲ್ಲೇ. ಆ ನಂಬಿಕೆಯಿಂದಲೇ ಸಂಜೆ ನಾಲ್ಕಕ್ಕೂ ಕಾಲು ಅಲ್ಲಿಗೇ ಓಡುತ್ತದೆ. ಬಯಲಿನಲ್ಲಿ ಎತ್ತರವಾಗಿ ನಿಂತ ಮರವೇ ಸಿಡಿಲಿಗೆ ಹತ್ತಿರದ ಮೆಟ್ಟಿಲು. ಮರಕ್ಕೆ ಬಡಿದ ವಿದ್ಯುತ್ತು ಪಕ್ಕದಲ್ಲಿ ನಿಂತ ಮೈಗೆ ಹಾರುತ್ತದೆ. ಬುಡದ ನೆಲದಲ್ಲಿಯೂ ಹರಡುತ್ತದೆ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಂತರ ಹೆಚ್ಚಿರುವುದರಿಂದ ದನಕರುಗಳು ಇಂಥ ಕಡೆ ಗುಂಪು ಗುಂಪಾಗಿ ಸಾಯುತ್ತವೆ. ಮಧ್ಯಾಹ್ನದ ನೆರಳು ಸಂಜೆಯ ಅಪಾಯವಾಗಬಲ್ಲುದೆಂಬುದನ್ನು ಮನೆಯ ಮಕ್ಕಳಿಗೂ ಕಲಿಸಬೇಕು.

ಬಯಲಿನಲ್ಲಿಯೇ ಸಿಕ್ಕಿಬಿದ್ದರೆ ಗುಂಪಾಗಿ ನಿಲ್ಲದೆ ದೂರ ದೂರ ಚದುರಬೇಕು. ಎತ್ತುಗಳ ಹಗ್ಗ ಬಿಟ್ಟು ಸರಿಯಬೇಕು. ನೆಲದ ಮೇಲೆ ಮಲಗಬಾರದು. ಎರಡೂ ಪಾದ ಜೋಡಿಸಿ, ತಲೆ ತಗ್ಗಿಸಿ ಕುಕ್ಕರುಗಾಲಿನಲ್ಲಿ ಕೂಡುವುದು ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಉಪಾಯ. ಅದು ಪೂರ್ಣ ರಕ್ಷಣೆಯಲ್ಲ. ಆದ್ದರಿಂದ ಮೋಡ ಕಂಡಾಗಲೇ ಹೊರಡುವುದು ಲೇಸು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ನಮ್ಮ ಸುತ್ತಲಿನ 20ರಿಂದ 40 ಕಿಲೋಮೀಟರ್‌ಗಳಲ್ಲಿ ಸಿಡಿಲಿನ ಸಂಭವವನ್ನು ಮುಂಚಿತವಾಗಿ ತಿಳಿಸುತ್ತದೆ. ಮನೆಯ ತರುಣರು ಇದನ್ನು ಮೊಬೈಲಿನಲ್ಲಿ ಹಾಕಿಕೊಂಡು ಹೊಲಕ್ಕೆ ಹೋದ ಹಿರಿಯರಿಗೆ ಒಂದು ಕರೆ ಮಾಡಿದರೆ ಅದೂ ಒಂದು ಸೇವೆಯೇ.

ಬಿದ್ದವನನ್ನು ಮುಟ್ಟಿರಿ

ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಹರಿದ ತಂತಿಯನ್ನು ತುಳಿದವನ ವಿಷಯ ಬೇರೆ. ಅಲ್ಲಿ ಪ್ರವಾಹ ಇನ್ನೂ ಇರುತ್ತದೆ, ಅದನ್ನು ನಿಲ್ಲಿಸದೆ ಮುಟ್ಟಬಾರದು. ಆದರೆ ಸಿಡಿಲು ಕಣ್ಣೆವೆ ಇಕ್ಕುವುದರೊಳಗೆ ಬಂದು ಹೋಗಿರುತ್ತದೆ. ಆದ್ದರಿಂದ ಅಂಥವನನ್ನು ಧೈರ್ಯವಾಗಿ ಮುಟ್ಟಬಹುದು, ಮುಟ್ಟಲೇಬೇಕು. ಸುರಕ್ಷಿತವಾದ ಎಡೆಗೆ ಸರಿಸಿ ಉಸಿರಾಟ ನೋಡಬೇಕು. ಉಸಿರಿಲ್ಲದಿದ್ದರೆ ಎದೆಯ ನಡುಭಾಗದಲ್ಲಿ ಎರಡೂ ಅಂಗೈಯನ್ನು ಒಂದರ ಮೇಲೊಂದಿಟ್ಟು ಸುಮಾರು ಎರಡು ಇಂಚು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಬಲ್ಲವರಿದ್ದರೆ ನಡುನಡುವೆ ಬಾಯಿಯಿಂದ ಉಸಿರು ಕೊಡಬೇಕು. 108ಕ್ಕೆ ಕರೆ ಮಾಡಿ, ಸಹಾಯ ಬರುವವರೆಗೆ ಒತ್ತುವುದನ್ನು ನಿಲ್ಲಿಸಬಾರದು.

ಹಲವರು ಒಟ್ಟಿಗೆ ಬಿದ್ದಿದ್ದರೆ ವೈದ್ಯರು ಹೇಳುವ ನಿಯಮವು ನಮ್ಮ ಸಹಜ ಬುದ್ಧಿಗೆ ವಿರುದ್ಧವಾಗಿದೆ. ನರಳುವವರು, ಕೂಗುವವರು ಬಹುಮಟ್ಟಿಗೆ ಬದುಕುವವರು. ಸದ್ದಿಲ್ಲದೆ ಬಿದ್ದವರ ಕಡೆಗೆ ಮೊದಲು ಓಡಬೇಕು. ಸಿಡಿಲಿನ ಪೆಟ್ಟಿಗೆ ನಿಂತ ಹೃದಯವು ಮತ್ತೆ ಮಿಡಿಯತೊಡಗಿದರೂ ಉಸಿರಾಟವು ತಡವಾಗಿ ಮರಳುತ್ತದೆ. ಆ ನಡುವಣ ಕೆಲವು ನಿಮಿಷಗಳನ್ನು ನಮ್ಮ ಕೈಗಳು ತುಂಬಿಕೊಡಬೇಕು. ಬಿದ್ದವರನ್ನು ಸೆಗಣಿಯಲ್ಲಿಯೋ ಕೆಸರಿನಲ್ಲಿಯೋ ಹೂಳಿದರೆ ವಿದ್ಯುತ್ತು ಇಳಿಯುತ್ತದೆಂಬ ನಂಬಿಕೆಯು ದೇಶದ ಕೆಲವೆಡೆ ಉಂಟು. ಅದರಿಂದ ಕಳೆಯುವುದು ವಿದ್ಯುತ್ತಲ್ಲ, ಅಮೂಲ್ಯವಾದ ಸಮಯ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆಯನ್ನು ಸಿಡಿಲು ಬಡಿದವನ ಎದುರು ನಿಂತು ಹೇಳಬಾರದು. ಅಲ್ಲಿ ಕಾರ್ಯವು ಇನ್ನೂ ಮಿಂಚಿರುವುದಿಲ್ಲ.

ಸದ್ದಿಲ್ಲದೆ ಬರುವ ಬಿಸಿಲು

ಸಿಡಿಲು ಗುಡುಗಿ ಬರುತ್ತದೆ. ಬಿಸಿಲು ಸದ್ದಿಲ್ಲದೆ ಕೊಲ್ಲುತ್ತದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣತೆಯು 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಏರಿದಾಗ, ಅಥವಾ 45 ಡಿಗ್ರಿಯನ್ನೇ ಮುಟ್ಟಿದಾಗ ಹವಾಮಾನ ಇಲಾಖೆಯು ಅದನ್ನು ಬಿಸಿಗಾಳಿಯ ಸ್ಥಿತಿಯೆಂದು ಎಣಿಸುತ್ತದೆ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಹೊರಗಿನ ಗಾಳಿಯು ಮೈಗಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ಉಪಾಯ ಬೆವರೊಂದೇ. ಬೆವರು ಆರಿದರೆ ಮೈ ತಂಪಾಗುತ್ತದೆ. ಅಡ್ಡಮಳೆ ಬಂದ ಮರುದಿನದ ಕುದಿಯಲ್ಲಿ ಗಾಳಿಯ ತೇವ ಹೆಚ್ಚಿ ಬೆವರು ಆರದು. ಆಗ 38 ಡಿಗ್ರಿಯೂ 42ರಷ್ಟೇ ಕಠಿಣವಾಗಬಹುದು. ಮಳೆಯಾಯಿತು, ಇನ್ನು ಭಯವಿಲ್ಲ ಎನ್ನುವಂತಿಲ್ಲ.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ಅತಿಯಾದ ದಣಿವು ಮೊದಲ ಸೂಚನೆಗಳು. ಆಗಲೇ ನೆರಳಿಗೆ ಬಂದು ನೀರು, ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಕುಡಿದು ವಿಶ್ರಮಿಸಿದರೆ ಚೇತರಿಸಿಕೊಳ್ಳಬಹುದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನಕವೂ ಒಳ್ಳೆಯದು. ಆದರೆ ಮೈ 40 ಡಿಗ್ರಿ ಮೀರಿ ಸುಡತೊಡಗಿ, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಬಿಸಿಲಾಘಾತ. ಮನೆಮದ್ದಿನ ಹೊತ್ತು ಅಲ್ಲಿಗೆ ಮುಗಿಯಿತು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಸುರಿದು ಬಿಡದೆ ಗಾಳಿ ಹಾಕಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕಿಳಿದು ಇನ್ನೊಂದು ಅನಾಹುತವಾದೀತು.

ವೃದ್ಧರ ವಿಷಯದಲ್ಲಿ ಹೆಚ್ಚಿನ ಲಕ್ಷ್ಯ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಕೇಳಿದಾಗ ನೀರು ಕೊಟ್ಟರೆ ಸಾಲದು, ಕೇಳದಿದ್ದಾಗಲೂ ಕೊಡಬೇಕು. ರಕ್ತದೊತ್ತಡಕ್ಕೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರು ಬೇಸಗೆಯಲ್ಲಿ ವೈದ್ಯರನ್ನು ಒಮ್ಮೆ ಕಾಣಬೇಕು. ಹಿಂದಿನ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆಗಳು ಕಾವನ್ನು ತಡೆಯುತ್ತಿದ್ದವು. ಇಂದಿನ ತಗಡಿನ ಕೋಣೆಯು ಮಧ್ಯಾಹ್ನ ಒಲೆಯಾಗುತ್ತದೆ. ಅಲ್ಲಿ ಅಜ್ಜ ಅಜ್ಜಿಯರನ್ನಾಗಲಿ, ಕೂಸುಗಳನ್ನಾಗಲಿ ಮಲಗಿಸಬಾರದು.

ಸಮಾಜವು ಮಾಡಬಹುದಾದದ್ದು

ತಿಳಿದು ನಡೆದರೆ ಜೀವ ಉಳಿಯುತ್ತದೆಂಬುದು ಬರಿಯ ಆಶೆಯಲ್ಲ. 2010ರ ಮೇ ತಿಂಗಳಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಭೀಕರ ಬಿಸಿಗಾಳಿ ಬೀಸಿ, ಆ ಒಂದು ತಿಂಗಳಲ್ಲೇ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಜನ ತೀರಿಹೋದರು. ಆ ನಗರವು ಅದನ್ನು ಹಣೆಬರಹವೆಂದು ಬಿಡಲಿಲ್ಲ. 2013ರಲ್ಲಿ ಕಾರ್ಯಯೋಜನೆಯೊಂದನ್ನು ರೂಪಿಸಿ ಮುನ್ಸೂಚನೆ, ಕುಡಿಯುವ ನೀರಿನ ಏರ್ಪಾಡು, ವೈದ್ಯಕೀಯ ಸಿಬ್ಬಂದಿಗೆ ತರಬೇತಿಗಳನ್ನು ಜಾರಿಗೆ ತಂದಿತು. ದೇಶದ ಅನೇಕ ನಗರಗಳಿಗೆ ಅದು ಮಾದರಿಯಾಯಿತು.

ನಮ್ಮಲ್ಲಿ ಇದಕ್ಕೆ ಹೊಸ ಸಂಸ್ಥೆಗಳೇ ಬೇಕೆಂದಿಲ್ಲ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಯನ್ನು ನಮ್ಮ ಪ್ರಾಚೀನ ಶಾಸನಗಳೇ ಧರ್ಮಕಾರ್ಯವೆಂದು ಹೆಸರಿಸಿವೆ. ಬೇಸಗೆಯಲ್ಲಿ ಪ್ರತಿ ಮಠ, ಪ್ರತಿ ಬಸವ ಸಮಿತಿಯು ಬಸ್ ನಿಲ್ದಾಣ, ಸಂತೆ, ಕೂಲಿಕಾರರು ನೆರೆಯುವ ಕಡೆಗಳಲ್ಲಿ ಅರವಟ್ಟಿಗೆ ಇಡಲಿ. ದಾಸೋಹವೆಂದರೆ ಅನ್ನವಷ್ಟೇ ಅಲ್ಲ. ನೀರೂ ನೆರಳೂ ದಾಸೋಹವೇ. ಬಸವ ಜಯಂತಿಯ ಮೆರವಣಿಗೆಯನ್ನು ಬೆಳಗಿನ ಎಂಟರೊಳಗೆ ಮುಗಿಸಲಿ, ಇಲ್ಲವೆ ಸಂಜೆ ಆಕಾಶವನ್ನು ನೋಡಿ ಆರಂಭಿಸಲಿ. ಲಗ್ನದ ಮುಹೂರ್ತ ಮಧ್ಯಾಹ್ನವಿದ್ದರೆ ಪೆಂಡಾಲಿನಲ್ಲಿ ಗಾಳಿ, ನೀರುಗಳ ಏರ್ಪಾಡಿರಲಿ. ಗುಡುಗು ಕೇಳಿದೊಡನೆ ಜನರನ್ನು ಕಬ್ಬಿಣದ ಕಂಬಗಳ ಪೆಂಡಾಲಿನಿಂದ ಗಟ್ಟಿ ಕಟ್ಟಡಕ್ಕೆ ಕಳಿಸಲಿ. ಊರ ಗುಡಿ, ಮಠ, ಶಾಲೆಗಳಿಗೆ ಸಿಡಿಲು ನಿರೋಧಕವನ್ನು ಅಳವಡಿಸಿ ಹೊಲದಿಂದ ಓಡಿಬಂದವರಿಗೆ ಬಾಗಿಲು ತೆರೆದಿಡಲಿ. ಬಂದವರ ಜಾತಿಯನ್ನು ಕೇಳದಿರಲಿ.

ಹೊಲದ ಒಡೆಯರಾದ ಬಂಧುಗಳಲ್ಲಿ ವಿಶೇಷವಾದ ಬಿನ್ನಹವೊಂದಿದೆ. ಕಾಯಕವು ಶ್ರೇಷ್ಠವೆಂದು ನಾವೆಲ್ಲ ನಂಬಿದವರು. ಕಾಯಕ ಮಾಡುವ ಕಾಯವನ್ನು ಕಾಯುವುದೂ ಆ ನಂಬಿಕೆಯ ಭಾಗವಲ್ಲವೆ? ಕೂಲಿಯವರನ್ನು ಬೆಳಗಿನ ಆರಕ್ಕೆ ಕರೆದು ಹನ್ನೊಂದಕ್ಕೆ ಬಿಡಿರಿ. ಉಳಿದ ಕೆಲಸವನ್ನು ಬಿಸಿಲಿಳಿದ ಮೇಲೆ, ಮೋಡವಿಲ್ಲದಿದ್ದರೆ ಮಾಡಿಸಿರಿ. ಗುಡುಗು ಕೇಳಿ ಕೆಲಸ ಬಿಟ್ಟವನ ಕೂಲಿಯನ್ನು ಕಡಿಯಬೇಡಿರಿ. ಕೂಲಿ ಹೋದೀತೆಂಬ ಅಂಜಿಕೆಯಿಂದ ಎಷ್ಟೋ ಜನ ಮೋಡವನ್ನು ಕಂಡೂ ಕಾಣದಂತೆ ಬಗ್ಗಿ ದುಡಿಯುತ್ತಾರೆ.

ಆ ತಾಯಿಯ ಪ್ರಶ್ನೆಗೆ ಅಂದು ನಾವು ಉತ್ತರ ಕೊಡಲಾಗಲಿಲ್ಲ. ತಡವಾಗಿಯಾದರೂ ಈ ಬರಹವೇ ನಮ್ಮ ಉತ್ತರ. ಆಕೆಗೆ ಓದು ಬರುತ್ತಿರಲಿಲ್ಲ. ಇಂದಿಗೂ ಹೊಲದಲ್ಲಿ ದುಡಿಯುವ ಎಷ್ಟೋ ಜನರಿಗೆ ಓದು ಬರುವುದಿಲ್ಲ. ಆದ್ದರಿಂದ ಇದನ್ನು ಓದಿದವರು ಪತ್ರಿಕೆಯನ್ನು ಮಡಿಚಿಡುವ ಮುನ್ನ ಮನೆಯ ಹಿರಿಯರಿಗೂ, ಹೊಲಕ್ಕೆ ಬರುವ ಆಳುಮಕ್ಕಳಿಗೂ, ಕುರಿ ಕಾಯುವ ಹುಡುಗರಿಗೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೈಮುಗಿದು ಬೇಡುತ್ತೇವೆ. ಈ ಬೇಸಗೆಯಲ್ಲಿ ಇನ್ನಾವ ತಾಯಿಯೂ ‘ನಮಗೆ ಯಾರೂ ಹೇಳಲಿಲ್ಲ’ ಎನ್ನುವಂತಾಗದಿರಲಿ.

ಶರಣು ಶರಣಾರ್ಥಿ.